ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಏನೇನು ಕಂಡುಹಿಡಿದ್ರು?

2025ರ ನೊಬೆಲ್ ಪ್ರಶಸ್ತಿಗಳು ಅನೌನ್ಸ್ ಆದ್ಮೇಲೆ ಬಂದ ಪ್ರಶ್ನೆಗಳಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಬಗ್ಗೆ ಕೇಳಿದವೇ ಜಾಸ್ತಿ, ಹಾಗಾಗಿ ಈ ಸಲದ ಕಾಲಂ ಪೂರ್ತಿ ಅದಕ್ಕೇ ಕೊಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳ್ಕೊಂಡಿದ್ರು, ಅದಕ್ಕೆ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಈ ಸಲ ಫಿಸಿಕ್ಸ್ ನೊಬೆಲ್ ಬಂದ ಮೂರೂ ಜನ ಒಂದೇ ಯೂನಿವರ್ಸಿಟಿಯವರಂತೆ, ಕೆಮಿಸ್ಟ್ರಿಯಲ್ಲೂ ಒಬ್ರು ಅಲ್ಲಿಯವರೇ ಅಂತೆ. ಅದು ನಿಜವಾಗ್ಲೂ ಸರ್ಕಾರಿ ಯೂನಿವರ್ಸಿಟಿನಾ? ಫಿಸಿಕ್ಸ್‌ನವರು ಕಂಡುಹಿಡಿದಿದ್ದು ಏನು ಅಂತ ನನ್ನ ಸ್ಟೂಡೆಂಟ್ಸ್‌ಗೆ ಅರ್ಥ ಆಗೋ ಹಾಗೆ ಹೇಳ್ತೀರಾ? (ಹೈಸ್ಕೂಲ್ ಮೇಷ್ಟ್ರು)

ಉತ್ತರ: ಹೌದು ಸರ್, ಸರ್ಕಾರಿ ಯೂನಿವರ್ಸಿಟಿನೇ. 1868ರಲ್ಲಿ ಶುರುವಾಗಿದ್ದು, ಈಗ 10 ಕ್ಯಾಂಪಸ್ ಇದಾವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೋ, ಡೇವಿಸ್, ಸ್ಯಾನ್ ಡಿಯೇಗೋ, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಇವೆಲ್ಲ ಅದರ ಕ್ಯಾಂಪಸ್‌ಗಳೇ, ಆದ್ರೆ ನ್ಯೂಸಲ್ಲಿ ಒಂದೊಂದು ಸಲ ಒಂದೊಂದು ಹೆಸರು ಬರೋದ್ರಿಂದ ಬೇರೆ ಬೇರೆ ಯೂನಿವರ್ಸಿಟಿ ಅಂತ ಅನ್ಸಿಬಿಡತ್ತೆ. ಹತ್ರದಲ್ಲೇ ಇರೋ ಸ್ಟ್ಯಾನ್‌ಫರ್ಡ್ ಪ್ರೈವೇಟ್, ಅದನ್ನ ಇದಕ್ಕೆ ಸೇರಿಸ್ಕೋಬೇಡಿ. ಸರ್ಕಾರಿ ಅಂದ್ರೆ ಪೂರ್ತಿ ಖರ್ಚು ರಾಜ್ಯ ಸರ್ಕಾರವೇ ಕೊಡತ್ತೆ ಅಂತ ಅಲ್ಲ, ರಾಜ್ಯದ ದುಡ್ಡು, ಸ್ಟೂಡೆಂಟ್ಸ್ ಫೀಸು, ಅವರದ್ದೇ ಆಸ್ಪತ್ರೆಗಳ ಆದಾಯ ಎಲ್ಲ ಸೇರತ್ತೆ, ರಿಸರ್ಚ್‌ಗೆ ಮಾತ್ರ ದೊಡ್ಡ ಪಾಲು ಅಮೆರಿಕದ ಕೇಂದ್ರ ಸರ್ಕಾರದ ಗ್ರಾಂಟುಗಳಿಂದ ಬರತ್ತೆ.

ಈಗ ಫಿಸಿಕ್ಸ್ ವಿಷಯ. ಕ್ವಾಂಟಂ ನಿಯಮದ ಪ್ರಕಾರ ಒಂದು ಕಣ ತನ್ನ ಹತ್ರ ಇರೋ ಎನರ್ಜಿಯಲ್ಲಿ ದಾಟೋಕೇ ಆಗದಿರೋ ತಡೆಯನ್ನ ದಾಟಿ ಆಚೆ ಕಡೆ ಕಾಣಿಸ್ಕೊಳ್ಳಬಹುದು, ಇದಕ್ಕೆ ಟನಲಿಂಗ್ ಅಂತಾರೆ. ಯುರೇನಿಯಂ ಥರದ ಪರಮಾಣುವಿಂದ ಆಲ್ಫಾ ಕಣ ಹೊರಗೆ ಬರೋದೂ ಹೀಗೇ. ಒಂದೊಂದೇ ಕಣಕ್ಕೆ ಇದು ಆಗತ್ತೆ ಅಂತ 1920ರ ದಶಕದಿಂದಲೇ ಗೊತ್ತಿತ್ತು. ಆದ್ರೆ ಕೈಯಲ್ಲಿ ಹಿಡ್ಕೊಳ್ಳೋವಷ್ಟು ದೊಡ್ಡ ವಸ್ತುವಿನಲ್ಲೂ, ಕೋಟಿಗಟ್ಟಲೆ ಕಣಗಳು ಒಟ್ಟಿಗೇ ಸೇರ್ಕೊಂಡು ಹೀಗೆ ಮಾಡತ್ವಾ? ಇದು ಜಾನ್ ಕ್ಲಾರ್ಕ್ ಅವರ ಬರ್ಕ್ಲಿ ಲ್ಯಾಬಲ್ಲಿ ಕೇಳ್ಕೊಂಡ ಪ್ರಶ್ನೆ. ಎರಡು ಸೂಪರ್‌ಕಂಡಕ್ಟರ್ (ಸ್ವಲ್ಪವೂ ರೆಸಿಸ್ಟೆನ್ಸ್ ಇಲ್ಲದೆ ಕರೆಂಟ್ ಹರಿಯೋ ವಸ್ತು) ಮಧ್ಯ ಕರೆಂಟ್ ಹರಿಯದಿರೋ ತುಂಬಾ ತೆಳು ಪದರ ಇಟ್ಟು ಒಂದು ಸರ್ಕ್ಯೂಟ್ ಮಾಡಿದ್ರು, ಅದನ್ನ ಸೊನ್ನೆ ಕೆಲ್ವಿನ್ (ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ತಿರ ಹತ್ತಿರಕ್ಕೆ ತಣ್ಣಗೆ ಮಾಡಿ ಸಣ್ಣ ಕರೆಂಟ್ ಕೊಟ್ರು. ಮೊದಲು ವೋಲ್ಟೇಜ್ ಸೊನ್ನೆ ಇರತ್ತೆ, ಸರ್ಕ್ಯೂಟ್ ಒಂದು ಸ್ಥಿತಿಯಲ್ಲಿ ಸಿಕ್ಕಿಹಾಕ್ಕೊಂಡಿರತ್ತೆ, ಸ್ವಲ್ಪ ಹೊತ್ತಾದ್ಮೇಲೆ ಇದ್ದಕ್ಕಿದ್ದಂಗೆ ವೋಲ್ಟೇಜ್ ಬರತ್ತೆ, ಅಂದ್ರೆ ಇಡೀ ಸರ್ಕ್ಯೂಟೇ ಆ ತಡೆ ದಾಟಿದೆ ಅಂತ. ಆಮೇಲೆ ಮೈಕ್ರೋವೇವ್ ಬಿಟ್ಟು ನೋಡಿದಾಗ ಅದು ಎನರ್ಜಿಯನ್ನ ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ತಗೊಳತ್ತೆ ಅನ್ನೋದೂ ಗೊತ್ತಾಯ್ತು, ಪರಮಾಣು ಹೇಗೋ ಹಾಗೇ. ಇವತ್ತು ಗೂಗಲ್, ಐಬಿಎಂನವರು ಕಟ್ಟೋ ಸೂಪರ್‌ಕಂಡಕ್ಟಿಂಗ್ ಕ್ವಾಂಟಂ ಕಂಪ್ಯೂಟರ್‌ಗೆ ಬೇಸು ಇದೇ.

ನಿಮ್ಮ ಸ್ಟೂಡೆಂಟ್ಸ್‌ಗೆ ಇನ್ನೊಂದು ವಿಷಯ ದಯವಿಟ್ಟು ಹೇಳಿ ಸರ್. ಈ ಪ್ರಯೋಗ ಆಗಿದ್ದು 1984, 85ರಲ್ಲಿ. ಆವಾಗ ಪ್ರೊಫೆಸರ್ ಆಗಿದ್ದವರು ಕ್ಲಾರ್ಕ್ ಒಬ್ರೇ, ಮಿಶೆಲ್ ಡೆವೊರೆ ಫ್ರಾನ್ಸ್‌ನಿಂದ ಬಂದಿದ್ದ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಇನ್ನೂ ಪ್ರೊಫೆಸರ್ ಆಗದ ರಿಸರ್ಚರ್), ಜಾನ್ ಮಾರ್ಟಿನಿಸ್ ಅಂತೂ ಪಿಎಚ್‌ಡಿ ಸ್ಟೂಡೆಂಟ್. ಇಬ್ಬರೂ ಈಗ ಸ್ಯಾಂಟಾ ಬಾರ್ಬರಾ ಕ್ಯಾಂಪಸ್ಸಿನ ಪ್ರೊಫೆಸರ್‌ಗಳು ಅಂತ ನ್ಯೂಸಲ್ಲಿ ಬಂತು, ಆದ್ರೆ ನೊಬೆಲ್ ಬಂದಿದ್ದು ಮಾರ್ಟಿನಿಸ್ ಸ್ಟೂಡೆಂಟ್ ಆಗಿದ್ದಾಗ ಮಾಡಿದ ಕೆಲಸಕ್ಕೆ, 40 ವರ್ಷ ಆದ್ಮೇಲೆ. ಈ ಯೂನಿವರ್ಸಿಟಿಯ ಕಥೆಯಲ್ಲಿ ನಂಗೆ ತುಂಬಾ ಮುಖ್ಯ ಅನ್ಸೋದು ಇದೇ, ಕೆಳಗಿನ ಉತ್ತರಗಳಲ್ಲೂ ಇದು ಮತ್ತೆ ಮತ್ತೆ ಬರತ್ತೆ ನೋಡಿ: ಪ್ರಶ್ನೆ ಹಳೇದು, ಕೆಲಸ ಮಾಡಿದ ಕೈ ಎಳೇದು.

ಪ್ರಶ್ನೆ: ಗಾಳಿಯಿಂದ ನೀರು ತೆಗೆಯೋ ಪುಡಿ ಕಂಡುಹಿಡಿದವರಿಗೆ ಕೆಮಿಸ್ಟ್ರಿ ನೊಬೆಲ್ ಬಂತು ಅಂತ ವಾಟ್ಸಾಪಲ್ಲಿ ಓದಿದೆ. ನಿಜಾನಾ? ಅಂಥ ಪುಡಿ ಇದ್ರೆ ನೀರಿನ ತೊಂದರೆನೇ ಇರಬಾರದಲ್ವಾ?

ಉತ್ತರ: ಅರ್ಧ ನಿಜ. ಪ್ರಶಸ್ತಿ ಬಂದಿದ್ದು ಎಂಒಎಫ್ (ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್) ಅನ್ನೋ ಒಂದು ಜಾತಿಯ ವಸ್ತುಗಳಿಗೆ, ನೀರು ಹಿಡಿಯೋದು ಅದರ ಹಲವು ಉಪಯೋಗಗಳಲ್ಲಿ ಒಂದು. ಲೋಹದ ಅಯಾನುಗಳನ್ನ ಮೂಲೆಗಳಲ್ಲಿಟ್ಟು, ಕಾರ್ಬನ್ ಇರೋ ಉದ್ದುದ್ದ ಅಣುಗಳನ್ನ ಮಧ್ಯ ಕಂಬಿಗಳ ಥರ ಜೋಡಿಸಿದ್ರೆ ಒಳಗೆಲ್ಲ ಖಾಲಿ ಕೋಣೆಗಳಿರೋ ಹರಳು ಸಿಗತ್ತೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಯೂನಿವರ್ಸಿಟಿಯ ರಿಚರ್ಡ್ ರಾಬ್ಸನ್ 1989ರಲ್ಲಿ ಇದನ್ನ ಮಾಡಿ ತೋರಿಸಿದ್ರು, ಆದ್ರೆ ಅದು ಬೇಗ ಕುಸಿದುಬೀಳ್ತಿತ್ತು. ಜಪಾನಿನ ಕ್ಯೋಟೋ ಯೂನಿವರ್ಸಿಟಿಯ ಸುಸುಮು ಕಿಟಗಾವಾ ಆ ಕೋಣೆಗಳೊಳಗೆ ಗ್ಯಾಸ್ ಹೋಗಿ ಬರಬಹುದು ಅಂತ ತೋರಿಸಿದ್ರು. ಈಗ ಬರ್ಕ್ಲಿಯಲ್ಲಿರೋ ಒಮರ್ ಯಾಗಿ 1999ರಲ್ಲಿ ಎಂಒಎಫ್-5 ಅನ್ನೋದನ್ನ ಮಾಡಿದ್ರು, ಒಳಗೆ ಖಾಲಿ ಇದ್ರೂ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ್ರೂ ಅದು ಕುಸಿಯಲ್ಲ, ಎರಡು ಮೂರು ಗ್ರಾಂ ಪುಡಿಯ ಒಳಮೈ ಪೂರ್ತಿ ಹರಡಿದ್ರೆ ಒಂದು ಫುಟ್ಬಾಲ್ ಮೈದಾನದಷ್ಟಾಗತ್ತೆ. ಮೂರು ಜನ, ಮೂರು ದೇಶ, ಮೂರೂ ಸರ್ಕಾರಿ ಯೂನಿವರ್ಸಿಟಿಗಳು ಅನ್ನೋದನ್ನ ಗಮನಿಸಿ.

ನೀರಿನ ವಿಷಯಕ್ಕೆ ಬರ್ತೀನಿ. ಯಾಗಿ ಅವರ ತಂಡ ಮರುಭೂಮಿಯಲ್ಲಿ ರಾತ್ರಿ ಹೊತ್ತು ಎಂಒಎಫ್‌ನಲ್ಲಿ ಗಾಳಿಯ ತೇವ ಹಿಡಿದು, ಬೆಳಿಗ್ಗೆ ಬಿಸಿಲಿಗೆ ಕಾದಾಗ ಬಿಡೋ ನೀರನ್ನ ತುಂಬಿಸ್ಕೊಂಡಿದ್ದು ನಿಜ. 2017ರಲ್ಲಿ ಎಂಐಟಿಯವರ ಜೊತೆ ಸೇರಿ ಅವರು ಪ್ರಕಟ ಮಾಡಿದ ಪೇಪರಲ್ಲಿ ಗಾಳಿಯ ಹ್ಯುಮಿಡಿಟಿ 20 ಪರ್ಸೆಂಟ್ ಇದ್ರೂ ಒಂದು ಕಿಲೋ ವಸ್ತುವಿನಿಂದ ದಿನಕ್ಕೆ 2.8 ಲೀಟರ್ ಸಿಗಬಹುದು ಅನ್ನೋ ಲೆಕ್ಕ ಇತ್ತು. ಕುಡಿಯೋಕೆ ಇದು ದೊಡ್ಡ ವಿಷಯ, ಹೊಲಕ್ಕೆ ಏನೇನೂ ಅಲ್ಲ. ಅದೂ ಅಲ್ದೆ ಟನ್‌ಗಟ್ಟಲೆ ಪುಡಿ ಕಮ್ಮಿ ಖರ್ಚಲ್ಲಿ ಮಾಡ್ಬೇಕು, ವರ್ಷಗಟ್ಟಲೆ ಬಾಳಿಕೆ ಬರ್ಬೇಕು. ಅದಕ್ಕೇ ನೀರಿನ ತೊಂದರೆನೇ ಹೋಗತ್ತೆ ಅನ್ನೋ ಮೆಸೇಜನ್ನ ಮುಂದೆ ಕಳಿಸ್ಬೇಡಿ.

ಇದೇ ಗುಂಪಿನವರು 2024ರಲ್ಲಿ ಸಿಒಎಫ್-999 ಅನ್ನೋ ಹಳದಿ ಪುಡಿ ಬಗ್ಗೆ ಬರೆದ್ರು, ಅದು ಮಾಮೂಲಿ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರ್ಕೊಳತ್ತೆ. 200 ಗ್ರಾಂ ಪುಡಿ ಒಂದು ವರ್ಷಕ್ಕೆ 20 ಕಿಲೋ ಹಿಡಿಯುತ್ತೆ, ಸುಮಾರು ಒಂದು ಮರ ಹೀರೋವಷ್ಟು. ಆ ಪೇಪರಿನ ಮೊದಲ ಲೇಖಕರೂ ಒಬ್ಬ ಪಿಎಚ್‌ಡಿ ಸ್ಟೂಡೆಂಟೇ.

ಯಾಗಿ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ನಂಗೆ ಮನಸ್ಸು ಬರಲ್ಲ. ಜೋರ್ಡಾನಿನ ಅಮ್ಮಾನ್‌ನಲ್ಲಿ ಪ್ಯಾಲೆಸ್ಟೀನಿನ ನಿರಾಶ್ರಿತರ ಮನೆಯಲ್ಲಿ ಹುಟ್ಟಿದವರು, ನಲ್ಲಿಯಲ್ಲಿ ನೀರು ಬರದಿದ್ದ ಮನೆ ಅದು. 15ನೇ ವಯಸ್ಸಿಗೆ ಅಮೆರಿಕಕ್ಕೆ ಬಂದು ಮೊದಲು ಕಮ್ಯುನಿಟಿ ಕಾಲೇಜು, ಆಮೇಲೆ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಡಿಗ್ರಿ, ಇಲಿನಾಯ್ಸ್ ಸರ್ಕಾರಿ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ. ನಲ್ಲಿ ನೀರಿಲ್ಲದ ಮನೆಯ ಹುಡುಗ ಗಾಳಿಯಲ್ಲಿ ನೀರು ಹಿಡಿಯೋ ಕೆಲಸಕ್ಕೆ ಇಳಿದಿದ್ದಾರೆ, ಅವರು ಓದಿದ ಜಾಗಗಳೆಲ್ಲ ಬಾಗಿಲು ತೆರೆದಿಟ್ಟಿದ್ದ ಸಾರ್ವಜನಿಕ ಸಂಸ್ಥೆಗಳು.

ಪ್ರಶ್ನೆ: ನಮ್ಮಣ್ಣನಿಗೆ ಎಎಲ್‌ಎಸ್ (ಸ್ನಾಯುಗಳನ್ನ ಆಡಿಸೋ ನರಗಳು ಕುಂದ್ತಾ ಹೋಗೋ ಕಾಯಿಲೆ) ಅಂತ ಗೊತ್ತಾಗಿ ಒಂದೂವರೆ ವರ್ಷ ಆಯ್ತು, ಮಾತು ತೊದಲ್ತಾ ಇದೆ. ಮೆದುಳಲ್ಲಿ ಚಿಪ್ ಇಟ್ಟು ಮಾತಾಡಿಸ್ತಾರೆ ಅಂತ ನ್ಯೂಸ್ ನೋಡ್ದೆ. ಅದು ನಮಗೆ ಸಿಗತ್ತಾ ಮೇಡಂ?

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಹೊತ್ತು ಯೋಚನೆ ಮಾಡ್ದೆ. ಸುತ್ತಿ ಬಳಸದೆ ಹೇಳ್ತೀನಿ: ಅದು ಇನ್ನೂ ಟ್ರಯಲ್ ಹಂತದಲ್ಲಿದೆ, ಆಸ್ಪತ್ರೆಗೆ ಹೋಗಿ ಹಾಕಿಸ್ಕೊಳ್ಳೋ ಥರ ಸಿಗ್ತಾ ಇಲ್ಲ. ಆದ್ರೆ ಏನಾಗಿದೆ ಅನ್ನೋದು ನಿಮಗೆ ಸರಿಯಾಗಿ ಗೊತ್ತಿರ್ಲಿ, ಯಾಕಂದ್ರೆ ಅದ್ರಲ್ಲಿ ನಿಮ್ಮಣ್ಣನಿಗೆ ಇವತ್ತೇ ಉಪಯೋಗ ಆಗೋ ಒಂದು ವಿಷಯ ಇದೆ.

ಡೇವಿಸ್ ಕ್ಯಾಂಪಸ್ಸಿನ ಡಾಕ್ಟರ್ ಡೇವಿಡ್ ಬ್ರಾಂಡ್‌ಮನ್, ನ್ಯೂರೋಸೈಂಟಿಸ್ಟ್ ಸೆರ್ಗೇ ಸ್ಟಾವಿಸ್ಕಿ ಇವರ ತಂಡ 2023ರ ಜುಲೈನಲ್ಲಿ ಎಎಲ್‌ಎಸ್ ಇರೋ 45 ವರ್ಷದ ಒಬ್ಬರ ಮೆದುಳಲ್ಲಿ ಒಟ್ಟು 256 ಎಲೆಕ್ಟ್ರೋಡ್ ಇಟ್ರು. ಮಾತಾಡೋಕೆ ನಾಲಿಗೆ, ತುಟಿಗೆ ಆರ್ಡರ್ ಕೊಡೋ ಜಾಗ ಅದು. ಕಾಯಿಲೆ ಬಂದಾಗ ಆ ಆರ್ಡರ್ ಹೊರಡೋದು ನಿಲ್ಲಲ್ಲ, ಸ್ನಾಯುಗಳಿಗೆ ಸರಿಯಾಗಿ ತಲುಪಲ್ಲ, ಅದನ್ನ ಮಧ್ಯದಲ್ಲೇ ಹಿಡಿದು ಕಂಪ್ಯೂಟರ್ ಅಕ್ಷರಕ್ಕೆ ಇಳಿಸತ್ತೆ. 1,25,000 ಪದಗಳ ಶಬ್ದಭಂಡಾರ ಇಟ್ಕೊಂಡು 97 ಪರ್ಸೆಂಟ್ ಸರಿಯಾಗಿ ಬರ್ತಿತ್ತು, 2024ರ ಆಗಸ್ಟಲ್ಲಿ ಅದು ಪ್ರಕಟ ಆಯ್ತು. ಅವರು ಅದನ್ನ ಲ್ಯಾಬ್ ಟೆಸ್ಟಿಗೆ ಮಾತ್ರ ಅಲ್ಲ, ಮನೆಯವರು ಸ್ನೇಹಿತರ ಜೊತೆ ಹರಟೆ ಹೊಡೆಯೋಕೂ ಬಳಸಿದ್ರು, 8 ತಿಂಗಳಲ್ಲಿ 248 ಗಂಟೆ. 2025ರ ಜೂನಲ್ಲಿ ಇನ್ನೊಂದು ಹೆಜ್ಜೆ: ಅಕ್ಷರ ಆಗಿ ಆಮೇಲೆ ಧ್ವನಿ ಆಗೋದನ್ನ ಬಿಟ್ಟು ನೇರವಾಗಿ ಧ್ವನಿನೇ ಬರೋ ಹಾಗೆ ಮಾಡಿದ್ರು, ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟೇ ತಡ, ಪ್ರಶ್ನೆ ಕೇಳೋವಾಗ ದನಿ ಏರಿಸಬಹುದು, ಸಣ್ಣ ರಾಗ ಕೂಡ ಹಾಡಬಹುದು. ಆದ್ರೆ ಹೀಗೆ ನೇರ ಬಂದ ಧ್ವನಿಯಲ್ಲಿ ಕೇಳಿದವರಿಗೆ ಅರ್ಥ ಆಗಿದ್ದು ಸುಮಾರು 60 ಪರ್ಸೆಂಟ್ ಪದಗಳು. ಚಿಪ್ ಇಲ್ದೆ ಅವರು ಮಾತಾಡಿದಾಗ ಅದು 4 ಪರ್ಸೆಂಟ್ ಇತ್ತು, ಹಾಗಾಗಿ 60 ಅನ್ನೋದು ಸಣ್ಣದಲ್ಲ, ಆದ್ರೆ ಕೆಲಸ ಇನ್ನೂ ಬಾಕಿ ಇದೆ ಅನ್ನೋದೂ ಅದ್ರಲ್ಲೇ ಗೊತ್ತಾಗತ್ತೆ.

ಬರ್ಕ್ಲಿಯ ಗೋಪಾಲ ಅನುಮಂಚಿಪಲ್ಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಂಪಸ್ಸಿನ ಸರ್ಜನ್ ಎಡ್ವರ್ಡ್ ಚಾಂಗ್ ಇವರದ್ದು ಇನ್ನೊಂದು ದಾರಿ, ಎಲೆಕ್ಟ್ರೋಡ್ ಮೆದುಳಿನೊಳಗೆ ಚುಚ್ಚದೆ ಮೇಲ್ಮೈ ಮೇಲೆ ಇಡ್ತಾರೆ. ಸ್ಟ್ರೋಕ್ ಆಗಿ ವರ್ಷಗಟ್ಟಲೆ ಮಾತಿಲ್ಲದಿದ್ದ ಒಬ್ಬ ಹೆಣ್ಣುಮಗಳಿಗೆ ಮೊದಲು ಒಂದು ವಾಕ್ಯ ಹೊರಗೆ ಬರೋಕೆ ಸುಮಾರು 8 ಸೆಕೆಂಡ್ ಹಿಡಿತಿತ್ತು, 2025ರಲ್ಲಿ ಒಂದು ಸೆಕೆಂಡಿನೊಳಗೇ ಧ್ವನಿ ಶುರುವಾಗೋ ಹಾಗೆ ಮಾಡಿದ್ರು.

ಈಗ ನಿಮ್ಮಣ್ಣನ ವಿಷಯ. ಡೇವಿಸ್‌ನ ಆ ಪೇಷಂಟಿಗೆ ಕಂಪ್ಯೂಟರಿಂದ ಅವರದ್ದೇ ದನಿ ಬಂದಿದ್ದು ಕಾಯಿಲೆಗಿಂತ ಮುಂಚಿನ ರೆಕಾರ್ಡಿಂಗುಗಳು ಇದ್ದಿದ್ದಕ್ಕೆ. ಆದ್ರಿಂದ ಮಾತು ಇನ್ನೂ ಅರ್ಥ ಆಗೋವಾಗಲೇ ಅವರ ದನಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಇದಕ್ಕೆ ವಾಯ್ಸ್ ಬ್ಯಾಂಕಿಂಗ್ ಅಂತಾರೆ, ಫೋನಲ್ಲೇ ಶುರು ಮಾಡಬಹುದು, ನಿಶ್ಶಬ್ದ ರೂಮಲ್ಲಿ, ದಿನಾ ಸ್ವಲ್ಪ ಸ್ವಲ್ಪ, ಅವರಿಗೆ ಆಯಾಸ ಆಗದ ಹಾಗೆ. ಹಳೇ ವಿಡಿಯೋಗಳಲ್ಲಿ ಅವರ ಮಾತು ಇದ್ರೆ ಅದನ್ನೂ ಒಂದು ಕಡೆ ಸೇರಿಸಿಡಿ. ಕಣ್ಣಿನ ಚಲನೆಯಿಂದ ಟೈಪ್ ಮಾಡೋ ಸಾಧನಗಳು ಈಗಾಗಲೇ ಇದಾವೆ, ಆಪರೇಷನ್ ಬೇಡ. ಇದರ ಬಗ್ಗೆ ಸ್ಪೀಚ್ ಥೆರಪಿಸ್ಟ್ ಹತ್ರ ಈಗ್ಲೇ ಮಾತಾಡಿ, ಕೈ ಮಾತು ಎರಡೂ ಕಷ್ಟ ಆಗೋವರೆಗೆ ಕಾಯಬೇಡಿ.

ಪ್ರಶ್ನೆ: ಕ್ರಿಸ್ಪರ್ ಕಂಡುಹಿಡಿದಿದ್ದು ಇಲ್ಲೇ ಅಲ್ವಾ? ಹಾಗಿದ್ರೆ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗೋ, ಹುಟ್ಟಿನಿಂದ ಬರೋ ಕಾಯಿಲೆ) ಟ್ರೀಟ್‌ಮೆಂಟ್‌ಗೆ ಅಷ್ಟೊಂದು ದುಡ್ಡು ಯಾಕೆ? ಜನರ ದುಡ್ಡಲ್ಲಿ ಮಾಡಿದ ಸಂಶೋಧನೆ ಜನರಿಗೆ ಸಿಗಬೇಕಲ್ವಾ?

ಉತ್ತರ: ಸಿಗಬೇಕು. ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ಅಚೀವ್‌ಮೆಂಟ್ ಲಿಸ್ಟ್ ಹಾಕೋವಾಗ ಯಾರೂ ಇದನ್ನ ಹೇಳಲ್ಲ.

ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ದಾಳಿ ಮಾಡಿದ ವೈರಸ್ಸಿನ ಡಿಎನ್‌ಎ ತುಂಡನ್ನ ನೆನಪಿಟ್ಕೊಂಡು, ಅದು ಮತ್ತೆ ಬಂದಾಗ ಗುರುತು ಹಿಡಿದು ಕತ್ತರಿಸಿಹಾಕ್ತಾವೆ. ಕ್ರಿಸ್ಪರ್ ಅನ್ನೋದು ಆ ವ್ಯವಸ್ಥೆಯೇ, ಅದನ್ನ ನಮಗೆ ಬೇಕಾದ ಜಾಗದಲ್ಲಿ ಡಿಎನ್‌ಎ ಕತ್ತರಿಸೋ ಸಾಧನ ಮಾಡ್ಕೋಬಹುದು ಅಂತ ಬರ್ಕ್ಲಿಯ ಜೆನಿಫರ್ ಡೌಡ್ನಾ ಮತ್ತು ಆವಾಗ ಸ್ವೀಡನ್ನಿನ ಉಮಿಯೋ ಯೂನಿವರ್ಸಿಟಿಯಲ್ಲಿದ್ದ ಎಮ್ಯಾನುಯೆಲ್ ಶಾರ್ಪಾಂಟಿಯೇ 2012ರಲ್ಲಿ ತೋರಿಸಿದ್ರು, 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಸಿಕಲ್ ಸೆಲ್ ಕಾಯಿಲೆಗೆ ಕ್ಯಾಸ್ಜೆವಿ ಅನ್ನೋ ಮೊದಲ ಕ್ರಿಸ್ಪರ್ ಚಿಕಿತ್ಸೆಗೆ ಅನುಮತಿ ಸಿಕ್ತು. ಅನುಮತಿ ಸಿಕ್ಕಾಗ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು. ಯಾಕೆ ಇಷ್ಟು ಅಂದ್ರೆ, ಪೇಷಂಟಿನ ಕಾಂಡಕೋಶಗಳನ್ನ ಹೊರಗೆ ತೆಗೆದು, ಪ್ರತಿಯೊಬ್ಬರದ್ದೂ ಬೇರೆ ಬೇರೆಯಾಗಿ ಲ್ಯಾಬಲ್ಲಿ ಎಡಿಟ್ ಮಾಡಿ, ಕೀಮೋ ಕೊಟ್ಟು ಹಳೇ ಮೂಳೆಮಜ್ಜೆ ಖಾಲಿ ಮಾಡಿ, ಆಮೇಲೆ ವಾಪಸ್ ಹಾಕ್ಬೇಕು, ತಿಂಗಳುಗಟ್ಟಲೆ ಕೆಲಸ. ಇದ್ರ ಜೊತೆ ಕಂಪನಿಯ ಹೂಡಿಕೆ, ಲಾಭ, ಪೇಟೆಂಟ್ ಎಲ್ಲ ಸೇರ್ಕೊಳತ್ತೆ. ಇನ್ನೊಂದು ವಿಷಯ, ತುಂಬಾ ಜನ ಅಂದ್ಕೊಂಡಿರೋ ಹಾಗೆ ಕ್ಯಾಸ್ಜೆವಿ ತಪ್ಪಿರೋ ಜೀನನ್ನ ಸರಿ ಮಾಡಲ್ಲ, ಹುಟ್ಟಿದ ಮೇಲೆ ನಿಂತುಹೋಗೋ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗೋ ಹಾಗೆ ಇನ್ನೊಂದು ಸ್ವಿಚ್ ಆಫ್ ಮಾಡತ್ತೆ. ತಪ್ಪನ್ನೇ ನೇರ ತಿದ್ದೋ ಟ್ರಯಲ್‌ಗೆ ಬರ್ಕ್ಲಿ, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲಿಸ್ ಮೂರು ಕ್ಯಾಂಪಸ್ ಸೇರಿ 2021ರಲ್ಲಿ ಅನುಮತಿ ತಗೊಂಡ್ರು.

ಪೇಟೆಂಟ್ ಬಗ್ಗೆ: ಕೇಂದ್ರ ಸರ್ಕಾರದ ದುಡ್ಡಲ್ಲಿ ಆದ ಸಂಶೋಧನೆಯ ಹಕ್ಕನ್ನ ಯೂನಿವರ್ಸಿಟಿಯೇ ಇಟ್ಕೊಂಡು ಕಂಪನಿಗಳಿಗೆ ಲೈಸೆನ್ಸ್ ಕೊಡಬಹುದು ಅಂತ ಅಮೆರಿಕದಲ್ಲಿ 1980ರಲ್ಲೇ ಕಾನೂನು ಬಂತು. ಕ್ರಿಸ್ಪರ್ ವಿಷಯದಲ್ಲಿ ಈ ಯೂನಿವರ್ಸಿಟಿಗೂ ಎಂಐಟಿ, ಹಾರ್ವರ್ಡ್ ಜೊತೆ ಸೇರಿರೋ ಬ್ರಾಡ್ ಇನ್‌ಸ್ಟಿಟ್ಯೂಟ್‌ಗೂ ವರ್ಷಗಟ್ಟಲೆ ಕೇಸ್ ನಡೀತು. 2022ರಲ್ಲಿ ತೀರ್ಪು ಬ್ರಾಡ್ ಕಡೆ ಆಯ್ತು, 2025ರ ಮೇನಲ್ಲಿ ಅಪೀಲ್ ಕೋರ್ಟ್ ಅದನ್ನ ಮತ್ತೆ ಪರಿಶೀಲಿಸಿ ಅಂತ ವಾಪಸ್ ಕಳಿಸ್ತು. ಬೇರೆ ದಾರಿನೂ ಇತ್ತು ಅನ್ನೋದಕ್ಕೆ ಇದೇ ಯೂನಿವರ್ಸಿಟಿಯಲ್ಲೇ ಉದಾಹರಣೆ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಹರ್ಬರ್ಟ್ ಬೋಯರ್, ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್ 1973ರಲ್ಲಿ ಜೀನ್ ಜೋಡಿಸೋ ವಿಧಾನ ಕಂಡುಹಿಡಿದಾಗ ಒಂದೇ ಕಂಪನಿಗೆ ಬರ್ಕೊಡದೆ, ಸಣ್ಣ ಫೀಸ್ ಇಟ್ಟು ಕೇಳಿದ ಎಲ್ಲಾ ಕಂಪನಿಗೂ ಲೈಸೆನ್ಸ್ ಕೊಟ್ರು. ಬ್ಯಾಕ್ಟೀರಿಯಾದಲ್ಲಿ ಮಾಡಿದ ಮನುಷ್ಯರ ಇನ್ಸುಲಿನ್ 1982ರಲ್ಲಿ ಬಂದಿದ್ದು ಆ ವಿಧಾನದಿಂದಾನೇ, ಯೂನಿವರ್ಸಿಟಿಗಳಿಗೂ ಕೋಟಿಗಟ್ಟಲೆ ಡಾಲರ್ ಬಂತು. ನನ್ನ ಅಭಿಪ್ರಾಯ ಕೇಳಿದ್ರೆ, ಸಾರ್ವಜನಿಕ ಯೂನಿವರ್ಸಿಟಿ ಮಾಡಬೇಕಾಗಿದ್ದು ಇಂಥ ಲೈಸೆನ್ಸನ್ನೇ, ಬೆಲೆಯ ಬಗ್ಗೆ ಷರತ್ತು ಹಾಕೋ ಶಕ್ತಿ ಅವರ ಕೈಯಲ್ಲಿ ಇರೋದು ಲೈಸೆನ್ಸ್ ಬರೆಯೋ ದಿನ ಮಾತ್ರ.

ಪ್ರಶ್ನೆ: ಲಾಸ್ ಏಂಜಲಿಸ್ ಕ್ಯಾಂಪಸ್ಸಿನ ಆಂಡ್ರಿಯಾ ಗೆಜ್ ಬ್ಲ್ಯಾಕ್ ಹೋಲ್ ಫೋಟೋ ತೆಗೆದವರಾ?

ಉತ್ತರ: ಅಲ್ಲ, ಫೋಟೋ ಬೇರೆ ತಂಡದ್ದು. ಗೆಜ್ ಅವರು ಹವಾಯಿಯಲ್ಲಿರೋ ಕೆಕ್ ಟೆಲಿಸ್ಕೋಪಲ್ಲಿ 1995ರಿಂದ ನಮ್ಮ ಗ್ಯಾಲಕ್ಸಿ ಮಧ್ಯದ ನಕ್ಷತ್ರಗಳು ಓಡಾಡೋದನ್ನ ವರ್ಷ ವರ್ಷ ಗುರುತು ಹಾಕ್ಕೊಂಡು ಬಂದ್ರು. ಒಂದು ನಕ್ಷತ್ರ ಕಾಣದೇ ಇರೋ ಏನನ್ನೋ 16 ವರ್ಷಕ್ಕೊಂದು ಸುತ್ತು ಹಾಕತ್ತೆ, ಅದರ ವೇಗದಿಂದ ಲೆಕ್ಕ ಹಾಕಿದ್ರೆ ಮಧ್ಯ ಇರೋದು ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು, ಅಂದ್ರೆ ಬ್ಲ್ಯಾಕ್ ಹೋಲೇ. ಜರ್ಮನಿಯ ರೈನ್‌ಹಾರ್ಡ್ ಗೆನ್ಜೆಲ್ ತಂಡ ಬೇರೆ ಟೆಲಿಸ್ಕೋಪಲ್ಲಿ ನೋಡಿ ಅದೇ ಉತ್ತರಕ್ಕೆ ಬಂತು. ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು, ರೋಜರ್ ಪೆನ್‌ರೋಸ್ ಜೊತೆ.

ಪ್ರಶ್ನೆ: ದಿನಾ ಒಂದೇ ಜಾಗದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯೋದೂ ಒಂದು ಸಂಶೋಧನೆನಾ? ಅದ್ರಲ್ಲಿ ಹೊಸದೇನು ಕಂಡುಹಿಡಿದ ಹಾಗಾಯ್ತು? ಇದನ್ನೂ ಆ ಯೂನಿವರ್ಸಿಟಿಯ ಸಾಧನೆ ಅಂತ ಬರೀತಾರಲ್ಲ.

ಉತ್ತರ: ಹೇಳ್ತೀನಿ ಕೇಳಿ, ಈ ಕಾಲಂನಲ್ಲಿರೋ ಎಲ್ಲಾ ಕೆಲಸಗಳಲ್ಲಿ ನನಗೆ ತುಂಬಾ ಗೌರವ ಇರೋದು ಇದರ ಮೇಲೇನೇ. ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯೋಕೆ ಶುರು ಮಾಡಿದ್ರು, ಮೊದಲ ಅಳತೆ ಹತ್ತು ಲಕ್ಷಕ್ಕೆ 313 ಭಾಗ. ಊರು, ಫ್ಯಾಕ್ಟರಿ ಎಲ್ಲದರಿಂದ ದೂರ, ಸಮುದ್ರದ ಮಧ್ಯ, ಎತ್ತರದ ಜಾಗ, ಅಲ್ಲಿ ಅಳೆದ್ರೆ ಒಂದು ಊರಿನ ಹೊಗೆಯಲ್ಲ, ಇಡೀ ಭೂಮಿಯ ಗಾಳಿಯ ಲೆಕ್ಕ ಸಿಗತ್ತೆ. ಒಂದೆರಡು ವರ್ಷದಲ್ಲೇ ಎರಡು ವಿಷಯ ಗೊತ್ತಾಯ್ತು. ಮೊದಲ್ನೇದು, ಉತ್ತರಾರ್ಧಗೋಳದ ಗಿಡಮರಗಳು ಚಿಗುರೋಕೆ ಮುಂಚೆ, ಮೇ ಹೊತ್ತಿಗೆ ಅಳತೆ ಮೇಲಿರತ್ತೆ, ಜೂನಿಂದ ಆಗಸ್ಟ್‌ವರೆಗೆ ಎಲೆಗಳು ಹೀರಿ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಇಳಿಯತ್ತೆ, ಭೂಮಿ ಉಸಿರಾಡೋದನ್ನ ಹಾಳೆ ಮೇಲೆ ಬರೆದು ತೋರಿಸಿದ್ದು ಅವರೇ ಮೊದಲು. ಎರಡನೇದು, ಪ್ರತಿ ವರ್ಷದ ಏರಿಳಿತ ಹಿಂದಿನ ವರ್ಷಕ್ಕಿಂತ ಸ್ವಲ್ಪ ಮೇಲೆ ನಿಲ್ಲತ್ತೆ. ಕಲ್ಲಿದ್ದಲು ಪೆಟ್ರೋಲ್ ಸುಟ್ಟಿದ್ದನ್ನೆಲ್ಲ ಸಮುದ್ರ ಹೀರ್ಕೊಂಡುಬಿಡತ್ತೆ ಅಂತ ತುಂಬಾ ಜನ ವಿಜ್ಞಾನಿಗಳೇ ನಂಬಿದ್ದ ಕಾಲ ಅದು.

1964ರಲ್ಲಿ ದುಡ್ಡಿಲ್ಲದೆ ಕೆಲವು ತಿಂಗಳು ಅಳತೆ ನಿಂತುಹೋಯ್ತು, ಇವತ್ತಿಗೂ ಆ ಗ್ರಾಫಲ್ಲಿ ಆ ಖಾಲಿ ಜಾಗ ಇದೆ, ಏನು ಮಾಡಿದ್ರೂ ಅದನ್ನ ತುಂಬೋಕಾಗಲ್ಲ, ಯಾಕಂದ್ರೆ ಆ ದಿನದ ಗಾಳಿ ಮತ್ತೆ ಸಿಗಲ್ಲ. ಕೀಲಿಂಗ್ 2005ರಲ್ಲಿ ತೀರ್ಕೊಂಡ್ರು, ಮಗ ರಾಲ್ಫ್ ಕೀಲಿಂಗ್ ಅದೇ ಸಂಸ್ಥೆಯಲ್ಲಿ ಕೆಲಸ ಮುಂದುವರೆಸ್ತಾ ಇದಾರೆ. 2022ರ ನವೆಂಬರಲ್ಲಿ ಮೌನಾ ಲೋವಾ ಜ್ವಾಲಾಮುಖಿ ಸಿಡಿದು ರಸ್ತೆ, ಕರೆಂಟ್ ಹೋದಾಗ ಪಕ್ಕದ ಮೌನಾ ಕೇಯಾ ಬೆಟ್ಟಕ್ಕೆ ಹೋಗಿ ಅಳೆದ್ರು. 2025ರ ಮೇ ತಿಂಗಳ ಸರಾಸರಿ ಮೊದಲ ಸಲ 430 ದಾಟ್ತು. ಹವಾಮಾನ ಬದಲಾವಣೆ ಬಗ್ಗೆ ಯಾವ ದೇಶ ಯಾವ ಮಾತಾಡಿದ್ರೂ ಕೆಳಗೆ ಇರೋ ಆಧಾರ ಈ ಅಳತೆ. ಮೂರು ವರ್ಷಕ್ಕೆ ರಿಸಲ್ಟ್ ಕೇಳೋ ಕಡೆ ಇದು ಬದುಕ್ತಿರ್ಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಒಳ್ಳೇ ಕೆಲಸ ಆಗೋ ಜಾಗಕ್ಕೆ ಗ್ರಾಂಟ್ ನಿಲ್ಲಿಸಿದ್ರು ಅಂತ ಕೇಳಿದೆ, ಹೌದಾ? ಒಂದು ವರ್ಷ ದುಡ್ಡು ಕಮ್ಮಿ ಆದ್ರೆ ಅಷ್ಟೊಂದು ತೊಂದರೆ ಆಗತ್ತಾ?

ಉತ್ತರ: ಹೌದು. 2025ರ ಜುಲೈ ಕೊನೆಗೆ ಅಮೆರಿಕದ ಕೇಂದ್ರ ಸರ್ಕಾರ ಲಾಸ್ ಏಂಜಲಿಸ್ ಕ್ಯಾಂಪಸ್ ಒಂದಕ್ಕೇ 58.4 ಕೋಟಿ ಡಾಲರಿನ ರಿಸರ್ಚ್ ಗ್ರಾಂಟುಗಳನ್ನ ತಡೆಹಿಡಿಯಿತು, ಆಮೇಲೆ ಕೋರ್ಟ್ ಆದೇಶದಿಂದ ಬಹುಪಾಲು ವಾಪಸ್ ಬಂತು. ತೊಂದರೆ ಖಂಡಿತ ಆಗತ್ತೆ, ಮೇಲಿನ ಉತ್ತರದಲ್ಲಿ 1964ರ ಖಾಲಿ ಜಾಗ ಓದಿದ್ರಲ್ಲ. ಟ್ರಯಲಲ್ಲಿರೋ ಪೇಷಂಟಿಗೆ ಮಧ್ಯದಲ್ಲಿ ನಿಲ್ಲಿಸೋಕಾಗಲ್ಲ, ತಳಿ ಬೆಳೆಸಿದ ಇಲಿಗಳನ್ನ, ಫ್ರೀಜರಿನ ಸ್ಯಾಂಪಲ್ಲುಗಳನ್ನ ಬಿಟ್ಟಿರೋಕಾಗಲ್ಲ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳೋದು ಪಿಎಚ್‌ಡಿ, ಪೋಸ್ಟ್‌ಡಾಕ್ ಮಾಡ್ತಿರೋರಿಗೆ, ಅವರ ಸ್ಟೈಪೆಂಡ್ ಬರೋದು ಆ ಗ್ರಾಂಟಿಂದಾನೇ. ಪ್ರೊಫೆಸರ್ ಕೆಲಸ ಉಳ್ಕೊಳತ್ತೆ, 1984ರ ಮಾರ್ಟಿನಿಸ್ ಥರದವರು ಬೇರೆ ಕೆಲಸ ಹುಡ್ಕೊಂಡು ಹೋಗ್ತಾರೆ, ಅವರು ಮಾಡಬೇಕಿದ್ದ ಪ್ರಯೋಗ ಯಾವುದು ಅಂತ ಯಾರಿಗೂ ಗೊತ್ತೂ ಆಗಲ್ಲ.

ಪ್ರಶ್ನೆ: ನ್ಯೂಸಲ್ಲಿ ದಿನಾ ಯಾವುದೋ ಯೂನಿವರ್ಸಿಟಿ ಏನೋ ಕಂಡುಹಿಡೀತು ಅಂತ ಬರತ್ತೆ. ನಂಬೋದಾ ಬಿಡೋದಾ, ನಮ್ಮಂಥವರು ಹೇಗೆ ಗೊತ್ತು ಮಾಡ್ಕೊಳ್ಳೋದು? (ರಿಟೈರ್ಡ್ ಬ್ಯಾಂಕ್ ಉದ್ಯೋಗಿ)

ಉತ್ತರ: ಮೊದಲು, ಯಾರ ಮೇಲೆ ಪ್ರಯೋಗ ಆಗಿದ್ದು ಅಂತ ಹುಡುಕಿ ಸರ್. ಜೀವಕೋಶನಾ, ಇಲಿನಾ, ಮನುಷ್ಯರಾ, ಮನುಷ್ಯರಾದ್ರೆ ಎಷ್ಟು ಜನ. ಡೇವಿಸ್‌ನ ಮೆದುಳಲ್ಲಿ ಇಡೋ ಚಿಪ್ ಸುದ್ದಿ ನೂರಕ್ಕೆ ನೂರು ನಿಜ, ಆದ್ರೆ ಅದು ಒಬ್ಬ ವ್ಯಕ್ತಿಯ ಕಥೆ, ಹೆಡ್ಡಿಂಗಲ್ಲಿ ಅದು ಇರಲ್ಲ. ಆಮೇಲೆ ಜರ್ನಲಲ್ಲಿ ಪ್ರಕಟ ಆಗಿದ್ಯಾ ಇಲ್ಲಾ ಬರೀ ಪ್ರೆಸ್ ನೋಟಾ ನೋಡಿ, ಸುದ್ದಿಯಲ್ಲಿ ಜರ್ನಲ್ ಹೆಸರೇ ಇಲ್ಲ ಅಂದ್ರೆ ನಾನು ಅಲ್ಲಿಗೇ ನಿಲ್ಲಿಸ್ತೀನಿ. ಬೇರೆ ತಂಡ ಬೇರೆ ವಿಧಾನದಲ್ಲಿ ಅದೇ ಉತ್ತರಕ್ಕೆ ಬಂದಿದ್ಯಾ ಅನ್ನೋದು ತುಂಬಾ ಬೆಲೆಯುಳ್ಳ ಪ್ರಶ್ನೆ, ಗೆಜ್ ಮತ್ತು ಗೆನ್ಜೆಲ್ ವಿಷಯದಲ್ಲಿ ಆದ ಹಾಗೆ.

ಕಂಡುಹಿಡಿದಿದ್ದು ನಿಜ ಆಗಿದ್ರೂ ಔಷಧಿ ಆಗದೇ ಇರಬಹುದು ಅನ್ನೋದೂ ನೆನಪಿರ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್ 1997ರಲ್ಲಿ ಮೆಣಸಿನಕಾಯಿಯ ಖಾರದ ಅಂಶ ನಮ್ಮ ನರದಲ್ಲಿ ಯಾವ ಬಾಗಿಲು ತಟ್ಟತ್ತೆ ಅಂತ ಕಂಡುಹಿಡಿದ್ರು, ಟಿಆರ್‌ಪಿವಿ1 ಅಂತ ಹೆಸರು, ಬಿಸಿ ತಾಗಿದ್ರೂ ಅದೇ ಬಾಗಿಲು ತೆಗೆಯತ್ತೆ, ಅದಕ್ಕೇ ಖಾರ ತಿಂದಾಗ ಸುಟ್ಟಂಗಾಗತ್ತೆ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಆ ಬಾಗಿಲು ಮುಚ್ಚಿಬಿಟ್ರೆ ನೋವೇ ಹೋಗತ್ತಲ್ಲ ಅಂತ ಕಂಪನಿಗಳು ಔಷಧಿ ಮಾಡಿ ಟ್ರಯಲ್ ನಡೆಸಿದ್ವು, ಕೆಲವರಿಗೆ ಮೈ ಬಿಸಿ ಏರಿಬಿಡ್ತು, ಯಾಕಂದ್ರೆ ಅದೇ ಬಾಗಿಲು ಮೈಯ ಟೆಂಪರೇಚರ್ ನೋಡ್ಕೊಳ್ಳೋದ್ರಲ್ಲೂ ಇದೆ. ಸಂಶೋಧನೆ ಸುಳ್ಳಲ್ಲ, ದೇಹ ಅಷ್ಟು ಸುಲಭ ಇಲ್ಲ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ ಮೇಡಂ. ಇಂಥ ದೊಡ್ಡ ಲ್ಯಾಬುಗಳಿಗೆ ಹೋಗೋ ಚಾನ್ಸ್ ಇಲ್ಲ, ದುಡ್ಡೂ ಇಲ್ಲ. ಇಲ್ಲಿಂದಲೇ ಏನಾದ್ರೂ ಕಲಿಯೋಕೆ ಆಗತ್ತಾ?

ಉತ್ತರ: ಆಗತ್ತೆ ಮಗಳೇ, ಅದಕ್ಕೆ ಕಾರಣ ಆದವರೂ ಒಬ್ಬ ಸ್ಟೂಡೆಂಟೇ. 2000ನೇ ಇಸವಿಯಲ್ಲಿ ಮನುಷ್ಯರ ಜೀನೋಮ್ (ಇಡೀ ಡಿಎನ್‌ಎಯ ಅಕ್ಷರಗಳು) ಮೊದಲು ಯಾರು ಓದ್ತಾರೆ ಅಂತ ಸರ್ಕಾರಿ ಯೋಜನೆಗೂ ಒಂದು ಪ್ರೈವೇಟ್ ಕಂಪನಿಗೂ ಪೈಪೋಟಿ ಇತ್ತು. ಸರ್ಕಾರಿ ಕಡೆಯವರ ಹತ್ರ ಲಕ್ಷಗಟ್ಟಲೆ ಡಿಎನ್‌ಎ ತುಂಡುಗಳ ಡೇಟಾ ಇತ್ತು, ಆದ್ರೆ ಅದನ್ನೆಲ್ಲ ಜೋಡಿಸೋ ಪ್ರೋಗ್ರಾಂ ಇರ್ಲಿಲ್ಲ. ಸ್ಯಾಂಟಾ ಕ್ರೂಜ್ ಕ್ಯಾಂಪಸ್ಸಲ್ಲಿ ಡೇವಿಡ್ ಹೌಸ್ಲರ್ ಜೊತೆ ಕೆಲಸ ಮಾಡ್ತಿದ್ದ ಜಿಮ್ ಕೆಂಟ್ ಅನ್ನೋ ಪಿಎಚ್‌ಡಿ ಸ್ಟೂಡೆಂಟ್ ಸುಮಾರು ನಾಲ್ಕು ವಾರ ಕೂತು ಅದನ್ನ ಬರೆದ್ರು, ಟೈಪ್ ಮಾಡಿ ಮಾಡಿ ಮಣಿಕಟ್ಟು ನೋವು ಬಂದು ರಾತ್ರಿ ಐಸ್ ಇಟ್ಕೊಳ್ತಿದ್ರು. 2000ದ ಜುಲೈ 7ಕ್ಕೆ ಜೋಡಿಸಿದ ಜೀನೋಮನ್ನ ಇಂಟರ್ನೆಟ್ಟಲ್ಲಿ ಎಲ್ರಿಗೂ ಫ್ರೀಯಾಗಿ ಇಟ್ರು. ಆಮೇಲೂ ಜೀನೋಮಿನ ಸುಮಾರು 8 ಪರ್ಸೆಂಟ್ ಓದೋಕಾಗದೆ ಉಳಿದಿತ್ತು, ಒಂದೇ ಥರದ ಅಕ್ಷರಗಳು ಸಾವಿರಾರು ಸಲ ರಿಪೀಟ್ ಆಗೋ ಜಾಗಗಳು ಅವು. ಅದೇ ಕ್ಯಾಂಪಸ್ಸಿನ ಕ್ಯಾರನ್ ಮೀಗಾ ಮತ್ತು ಅಮೆರಿಕದ ಜೀನೋಮ್ ಸಂಸ್ಥೆಯ ಆಡಮ್ ಫಿಲಿಪ್ಪಿ ನಡೆಸಿದ ತಂಡ 2022ರಲ್ಲಿ ಅದನ್ನೂ ಮುಗಿಸ್ತು, ವೈ ಕ್ರೋಮೋಸೋಮ್ ಒಂದು ಬಾಕಿ ಇದ್ದಿದ್ದು 2023ರಲ್ಲಿ ಆಯ್ತು. ಅದೂ ಫ್ರೀ.

ಇವತ್ತು ಸಾಯಂಕಾಲ ಫೋನಲ್ಲೋ ಕಂಪ್ಯೂಟರಲ್ಲೋ ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಅಂತ ಹುಡುಕು, ಆ ಸ್ಯಾಂಟಾ ಕ್ರೂಜ್ ಕ್ಯಾಂಪಸ್ಸಿನವರೇ ಜೀನೋಮ್ ನೋಡೋಕೆ ಇಟ್ಟಿರೋ ವೆಬ್‌ಸೈಟ್ ಅದು. ಲಾಗಿನ್ ಬೇಡ, ದುಡ್ಡು ಕೇಳಲ್ಲ. ಮೇಲಿರೋ ಬಾಕ್ಸಲ್ಲಿ ಎಚ್‌ಬಿಬಿ ಅಂತ ಇಂಗ್ಲಿಷಲ್ಲಿ ಟೈಪ್ ಮಾಡು, ಹಿಮೋಗ್ಲೋಬಿನ್ನಿನ ಬೀಟಾ ಭಾಗ ಮಾಡೋ ಜೀನ್ ಅದು, 11ನೇ ಕ್ರೋಮೋಸೋಮಿಗೆ ಕರ್ಕೊಂಡು ಹೋಗತ್ತೆ. ಝೂಮ್ ಮಾಡ್ತಾ ಹೋದ್ರೆ ಅಕ್ಷರಗಳು ಕಾಣತ್ವೆ. ಆ ಜೀನಲ್ಲಿ ಎ ಇರಬೇಕಾದ ಒಂದೇ ಒಂದು ಕಡೆ ಟಿ ಬಂದ್ರೆ ಸಿಕಲ್ ಸೆಲ್ ಕಾಯಿಲೆಯ ಹಿಮೋಗ್ಲೋಬಿನ್ ಆಗತ್ತೆ. ಆ ಜಾಗ ಹುಡುಕೋಕೆ ನೋಡು. ಈ ಜೀನ್ ಡಿಎನ್‌ಎಯ ಇನ್ನೊಂದು ಎಳೆಯಲ್ಲಿ ಇರೋದ್ರಿಂದ ಅಕ್ಷರಗಳು ಉಲ್ಟಾ ಕಾಣತ್ವೆ, ಗಾಬರಿ ಆಗ್ಬೇಡ, ನಿನ್ನ ಜೆನೆಟಿಕ್ಸ್ ಟೆಕ್ಸ್ಟ್‌ಬುಕ್ ಪಕ್ಕದಲ್ಲಿಟ್ಕೊ. ಎಲ್ಲಿ ಸಿಕ್ಕಿಹಾಕ್ಕೊಂಡೆ ಅಂತ ನಮಗೆ ಬರಿ, ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದಕ್ಕೆ ಹೋಗೋಣ.